ನಾನಿ ವಾಪಸ್ ಕೊಡದ ಕುಬಸ

ಬೇಸಿಗೆ ರಜೆ ಬಂತೆಂದರೆ ಅಮ್ಮಿ ನಮ್ಮನ್ನೆಲ್ಲ ನಾನಿಯ ಊರಿಗೆ ಕರೆದುಕೊಂಡು ಹೋಗುತ್ತಿದ್ದರು. ಈಗ ಕಲಬುರಗಿಯಾಗಿರುವ ಗುಲಬರ್ಗಾದಿಂದ ಬಸ್ಸಿನಲ್ಲಿ ಎರಡು ತಾಸು, ಕ್ರಾಸಿನಲ್ಲಿ ಇಳಿದ ಮೇಲೆ ಬಿರುಕುಬಿಟ್ಟ ಎರಿಭೂಮಿಯ ನಡುವೆ ಅರ್ಧ ತಾಸಿನ ನಡಿಗೆ. ಇದು ಎಂಬತ್ತರ ದಶಕದ ಕೊನೆಯ ಮಾತು.

ನಾನಿಯದು ನೇಕಾರರ ಓಣಿ. ಶಹಾಬಾದ್ ಪರಸಿ ಹಾಸಿದ ಮನೆ. ನಡುಮನೆಯ ಮೂಲೆಯಲ್ಲಿ ಕುಣಿಮಗ್ಗದ ಕುಣಿಯೊಂದು ಉಳಿದಿತ್ತು. ಮಗ್ಗ ಮಾತ್ರ ಇರಲಿಲ್ಲ. ಅದರೊಳಗೆ ಕಾಲು ಇಳಿಬಿಟ್ಟುಕೊಂಡು ನಾವು ಜೋಳದ ರೊಟ್ಟಿ ತಿನ್ನುತ್ತಿದ್ದೆವು. ನಾನಿ ಅಂಬಾಡೆ ಕಿ ಭಾಜಿ ಮಾಡಿದ ದಿನ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದಲೇ, "ಪುಂಡಿಪಲ್ಯ ಮಾಡೀಯೇನ?" ಎಂದು ಕೂಗುತ್ತಿದ್ದಳು. ಹೆಸರು ಎರಡು, ಪಲ್ಯ ಒಂದೇ. ಬಟ್ಟಲು ಆ ಕಡೆ ಹೋಗುತ್ತಿತ್ತು, ಶೇಂಗಾ ಹಿಂಡಿ ತುಂಬಿಕೊಂಡು ಈ ಕಡೆ ಬರುತ್ತಿತ್ತು. ನಾನಿ ಆಕೆಯನ್ನು 'ಅಕ್ಕಾ' ಎನ್ನುತ್ತಿದ್ದರು. ಆಕೆ ನಮ್ಮ ಗಲ್ಲ ಹಿಂಡಿ ಪ್ರತಿ ವರ್ಷ ಅದೇ ಮಾತು ಹೇಳುತ್ತಿದ್ದಳು: "ನಿಮ್ಮಜ್ಜಿ ನನ್ನ ಕುಬಸ ಇನ್ನಾ ವಾಪಸ್ ಕೊಟ್ಟಿಲ್ಲ ನೋಡ್ರಿ." ಇಬ್ಬರೂ ನಗುತ್ತಿದ್ದರು. ಆ ನಗು ನಮಗೆ ಅರ್ಥವಾಗುತ್ತಿರಲಿಲ್ಲ.

ಅರ್ಥವಾಗದ್ದು ಇನ್ನೂ ಒಂದಿತ್ತು. ಊರ ಹೊರಗೆ ಮೆಟ್ಟಿಲು ಬಾವಿಯೊಂದಿತ್ತು. ಬರಗಾಲದಲ್ಲೂ ನಾನಿ ಅದರ ನೀರು ಮುಟ್ಟುತ್ತಿರಲಿಲ್ಲ. ಅತ್ತ ಈಜಲು ಹೊರಟರೆ ನಮಗೆ ಏಟು ಬೀಳುತ್ತಿತ್ತು. ಎಂದೂ ಕೈ ಎತ್ತದ ನಾನಿ ಅದೊಂದು ಕಾರಣಕ್ಕೆ ಮಾತ್ರ ಹೊಡೆಯುತ್ತಿದ್ದರು.

ನಾನಿಗೆ ಇಸವಿಗಳು ಗೊತ್ತಿರಲಿಲ್ಲ. ಮಕ್ಕಳ ವಯಸ್ಸನ್ನು 'ಪೊಲೀಸ್ ಆಕ್ಷನ್ ಆಗಿ ಇಷ್ಟು ವರ್ಷಕ್ಕೆ' ಎಂದು ಲೆಕ್ಕ ಹಾಕುತ್ತಿದ್ದರು. ಈ ಭಾಗದ ಹಿರಿಯರ ಪಂಚಾಂಗವೇ ಅದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು, 17ರಂದು ನಿಜಾಮರು ಸೋಲೊಪ್ಪಿಕೊಂಡರು. ಶಾಲೆಯ ಪಾಠ ಅಲ್ಲಿಗೆ ಮುಗಿಯುತ್ತದೆ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಖಾಸಿಂ ರಝ್ವಿಯ ರಝಾಕಾರರು ಹಳ್ಳಿಗಳಲ್ಲಿ ನಡೆಸಿದ ಸುಲಿಗೆ, ಕೊಲೆಗಳನ್ನು ನಾವು ಮುಸ್ಲಿಮರು ಮರೆಮಾಚುವ ಅಗತ್ಯವಿಲ್ಲ. ಬೀದರ್ ಜಿಲ್ಲೆಯ ಗೋರಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ನಡೆದದ್ದು ಕಗ್ಗೊಲೆಯೇ. ಆದರೆ 17ರ ನಂತರ ಹಳ್ಳಿಗಳಲ್ಲಿ ಸೇಡಿನ ಕತ್ತಿ ಬಿದ್ದದ್ದು ಬಹುಪಾಲು ರಝಾಕಾರರಲ್ಲದವರ ಮೇಲೆ.

ಕುಬಸದ ಗುಟ್ಟು ನನಗೆ ತಿಳಿದದ್ದು 1997ರಲ್ಲಿ, ಪಿಯುಸಿ ಓದುವಾಗ. ಹೇಳಿದವರು ನಾನಿ ಅಲ್ಲ, ಪಕ್ಕದ ಮನೆಯ ಅಜ್ಜಿ. ಗಲಾಟೆಯ ಹೊತ್ತಿಗೆ ನಾನಿಗೆ ಹದಿಮೂರು ವರ್ಷ. ಅಜ್ಜಿ ಆಗಷ್ಟೇ ಮದುವೆಯಾಗಿ ಬಂದ ಸೊಸೆ. ಆಕೆಯ ತವರುಮನೆಯನ್ನು ಅದೇ ಬೇಸಿಗೆಯಲ್ಲಿ ರಝಾಕಾರರು ಲೂಟಿ ಮಾಡಿದ್ದರು. ಆದರೂ ಗಂಪು ಓಣಿಗೆ ನುಗ್ಗಿದ ರಾತ್ರಿ ಆಕೆ ಹಿತ್ತಲಿನಿಂದ ನಾನಿಯನ್ನು ಎಳೆದುಕೊಂಡು, ತನ್ನ ಮದುವೆಯ ಖಣದ ಕುಬಸ ತೊಡಿಸಿ, ಹಣೆಗೆ ಕುಂಕುಮವಿಟ್ಟು ಮಗ್ಗದ ಪಕ್ಕ ಕಂಡಿಕೆ ಸುತ್ತಲು ಕೂರಿಸಿದಳು. "ಯಾರಿವಳು?" ಎಂದು ಬಂದವರು ಕೇಳಿದಾಗ ಅವಳ ಮಾವ ಲಾಳಿ ನಿಲ್ಲಿಸದೆ, "ಸೊಸಿ ತಂಗಿ" ಅಂದರಂತೆ. ಒಂಬತ್ತು ದಿನ ನಾನಿ ಸೊಸೆಯ ತಂಗಿಯಾಗಿ ಆ ಮನೆಯಲ್ಲಿದ್ದರು. ನಾನಿಯ ಅಬ್ಬಾ ಮತ್ತು ಅಣ್ಣ ಸಿಕ್ಕಿದ್ದು ಆ ಬಾವಿಯಲ್ಲಿ.

ನಾನು ನೋಟ್‌ಬುಕ್ ಹಿಡಿದು ನಾನಿಯ ಮುಂದೆ ಕುಳಿತೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. "ಬರೆಯಬೇಡ ಬೇಟಾ. ಬರೆದರೆ ಹೆಸರೂ ಬರೆಯಬೇಕಾಗುತ್ತದೆ. ಅವರ ಮೊಮ್ಮಕ್ಕಳು ನಿನ್ನ ಜೊತೆ ಗೋಲಿ ಆಡಿದವರು." ಅಷ್ಟೇ. ಮತ್ತೆ ಮೊರ ತಟ್ಟತೊಡಗಿದರು.

ಕೇಂದ್ರ ಸರ್ಕಾರ ಕಳುಹಿಸಿದ ತಂಡವೊಂದು 1948ರ ನವೆಂಬರ್ ಕೊನೆಯಲ್ಲಿ ಸಂಸ್ಥಾನಕ್ಕೆ ಬಂದಿತ್ತು. ಪಂಡಿತ್ ಸುಂದರಲಾಲ್, ಖಾಝಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅದರಲ್ಲಿದ್ದರು. 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಿ ಅವರು ಕೊಟ್ಟ ಅಂದಾಜು: ಕಾರ್ಯಾಚರಣೆಯ ವೇಳೆ ಮತ್ತು ನಂತರ ಸತ್ತವರು ಕನಿಷ್ಠ 27,000ದಿಂದ 40,000. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಸರ್ಕಾರ ಈ ವರದಿಯನ್ನು ಪ್ರಕಟಿಸಲಿಲ್ಲ. ಎ.ಜಿ. ನೂರಾನಿಯವರ ಪುಸ್ತಕದಲ್ಲಿ ಅದು ಪೂರ್ತಿಯಾಗಿ ಅಚ್ಚಾದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ನಾನಿ ತೀರಿಕೊಂಡು ಏಳು ವರ್ಷವಾಗಿತ್ತು.

ನಾನು ಅದನ್ನು ಒಂದೇ ರಾತ್ರಿಯಲ್ಲಿ ಓದಿದೆ. ಹೆಣಗಳು ತುಂಬಿದ ಬಾವಿಗಳನ್ನು ತಾವು ಕಂಡದ್ದಾಗಿ ಅವರು ಬರೆದಿದ್ದಾರೆ. ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆಯೂ ಬರೆದಿದ್ದಾರೆ. ಒಂದೇ ಕಸುಬಿನವರ ನಡುವೆ ಈ ಮಮತೆ ಹೆಚ್ಚಾಗಿತ್ತು ಎಂದು ಹೇಳಿ ಅವರು ಕೊಟ್ಟ ಉದಾಹರಣೆ ನೇಕಾರರದು: ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು, ಕೆಲವೆಡೆ ಜೀವವನ್ನೂ ತೆತ್ತರು. ಆ ಸಾಲಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ನಮ್ಮ ಓಣಿಯ ಲಾಳಿಯ ಸದ್ದು ದಿಲ್ಲಿಯ ಕಡತದಲ್ಲಿ ಇಷ್ಟು ವರ್ಷ ಕೂತಿತ್ತೇ?

ಸೆಪ್ಟೆಂಬರ್ 17ರಂದು ನಮ್ಮ ಭಾಗದಲ್ಲಿ ವಿಮೋಚನಾ ದಿನದ ಧ್ವಜ ಏರುತ್ತದೆ. ನಾನೂ ಹೋಗಿ ನಿಲ್ಲುತ್ತೇನೆ. ಭಾಷಣಗಳಲ್ಲಿ ಗೋರಟಾ ಬರುತ್ತದೆ, ಬರಲೇಬೇಕು. ಬಾವಿ ಬರುವುದಿಲ್ಲ. ಹಾಗೆಂದು ಬಾವಿಯನ್ನಷ್ಟೇ ಹೇಳಿ ಕುಬಸವನ್ನು ಬಿಡುವವರು ನಮ್ಮಲ್ಲೂ ಇದ್ದಾರೆ. ಅವರ ಮೇಲೂ ನನಗೆ ಸಿಟ್ಟಿದೆ. ನಾನಿಯ ಮಾತನ್ನು ಅರ್ಧ ಮುರಿದು ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನಾಗಲಿ, ಯಾರ ಹೆಸರನ್ನಾಗಲಿ ಬರೆದಿಲ್ಲ.

2006ರಲ್ಲಿ ನಾನಿಯ ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ ಅಮ್ಮಿ ಸಂದೂಕು ತೆರೆದರು. ತಳದಲ್ಲಿ, ನಿಕಾಹ್‌ನ ದುಪಟ್ಟಾದೊಳಗೆ, ಒಣಗಿದ ಬೇವಿನೆಲೆಯ ಜೊತೆ ಮಡಿಚಿಟ್ಟ ಖಣದ ಕುಬಸವಿತ್ತು. ಪಕ್ಕದ ಮನೆಯ ಅಜ್ಜಿ ಎರಡು ವರ್ಷ ಮೊದಲೇ ಹೋಗಿದ್ದಳು. ಅಮ್ಮಿ ಅದನ್ನು ಆಕೆಯ ಸೊಸೆಯ ಕೈಗೆ ಕೊಡಲು ಹೋದರು. ಸೊಸೆ ಕೈ ಹಿಂದೆ ಸರಿಸಿದಳು.

"ಅತ್ತಿ ತಂಗಿಗೆ ಕೊಟ್ಟಿದ್ದನ್ನ ನಾ ಹೆಂಗ ತಗೊಳ್ಳಲಿ ಅಕ್ಕಾ?"

ಈಗ ಅದು ಅಮ್ಮಿಯ ಸಂದೂಕಿನಲ್ಲಿದೆ. ಪ್ರತಿ ವರ್ಷ ಬೇವಿನೆಲೆ ಬದಲಿಸುತ್ತಾರೆ.