ಶಿಕಾಗೊ ಪ್ರಾಥಮಿಕ ಶಾಲೆಗಳ ವಿಲೀನ (೨೦೧೩)

ಶಿಕಾಗೊ ಪ್ರಾಥಮಿಕ ಶಾಲೆಗಳ ವಿಲೀನವು ಅಮೆರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದ ಶಿಕಾಗೊ ನಗರದಲ್ಲಿ ೨೦೧೩ರಲ್ಲಿ ನಡೆದ ಸಾರ್ವಜನಿಕ ಶಾಲೆಗಳ ಸಾಮೂಹಿಕ ಮುಚ್ಚುಗಡೆಯಾಗಿದೆ. ಆಯವ್ಯಯದ ಕೊರತೆ ಮತ್ತು ಮಕ್ಕಳ ಸಂಖ್ಯೆಯ ಇಳಿಕೆಯನ್ನು ಕಾರಣವಾಗಿ ನೀಡಿ, ನಗರದ ಶಿಕ್ಷಣ ಮಂಡಳಿಯು ೪೯ ಪ್ರಾಥಮಿಕ ಶಾಲೆಗಳನ್ನೂ ಒಂದು ಪ್ರೌಢಶಾಲಾ ವಿಭಾಗವನ್ನೂ ಮುಚ್ಚಲು ನಿರ್ಧರಿಸಿತು. ಸುಮಾರು ೧೨,೦೦೦ ಮಕ್ಕಳು ಶಾಲೆ ಬದಲಿಸಬೇಕಾಯಿತು. ಅಮೆರಿಕದ ಒಂದೇ ನಗರದಲ್ಲಿ ಒಮ್ಮೆಗೇ ನಡೆದ ಅತಿ ದೊಡ್ಡ ಶಾಲಾ ಮುಚ್ಚುಗಡೆಗಳಲ್ಲಿ ಇದೂ ಒಂದು.

ಹಿನ್ನೆಲೆ

ಅಮೆರಿಕದಲ್ಲಿ ಸಾರ್ವಜನಿಕ ಶಾಲೆಗಳನ್ನು 'ಸ್ಕೂಲ್ ಡಿಸ್ಟ್ರಿಕ್ಟ್' ಎಂಬ ಸ್ಥಳೀಯ ಆಡಳಿತ ಘಟಕಗಳು ನಡೆಸುತ್ತವೆ. ಸ್ಥಳೀಯ ಆಸ್ತಿ ತೆರಿಗೆ, ರಾಜ್ಯದ ಅನುದಾನ ಮತ್ತು ಒಕ್ಕೂಟ ಸರ್ಕಾರದ ನೆರವು ಇವುಗಳ ಮುಖ್ಯ ಆದಾಯ. ಮಕ್ಕಳ ಸಂಖ್ಯೆ ಇಳಿದರೂ ಕಟ್ಟಡದ ದುರಸ್ತಿ, ಚಳಿಗಾಲದಲ್ಲಿ ಕೊಠಡಿಗಳನ್ನು ಬೆಚ್ಚಗಿಡುವ ವೆಚ್ಚ, ಮುಖ್ಯೋಪಾಧ್ಯಾಯರ ಮತ್ತು ಕಚೇರಿ ಸಿಬ್ಬಂದಿಯ ವೇತನ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಆದ್ದರಿಂದ ಹಣದ ಕೊರತೆ ಎದುರಾದಾಗ ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಒಂದುಗೂಡಿಸುವ ಪ್ರಸ್ತಾವ ಬರುತ್ತದೆ.

ಶಿಕಾಗೊದಲ್ಲಿ ಪ್ರಾಥಮಿಕ ಶಾಲೆಯೆಂದರೆ ಸಾಮಾನ್ಯವಾಗಿ ಶಿಶುವಿಹಾರದಿಂದ ಎಂಟನೆಯ ತರಗತಿಯವರೆಗಿನ ಶಾಲೆ. ೧೯೯೫ರಿಂದ ಅಲ್ಲಿನ ಶಿಕ್ಷಣ ಮಂಡಳಿಯ ಸದಸ್ಯರನ್ನು ಮೇಯರ್ ನೇಮಿಸುತ್ತಿದ್ದರು. ೨೦೦೦ದಿಂದ ೨೦೧೦ರ ನಡುವೆ ನಗರದ ಜನಸಂಖ್ಯೆ ಸುಮಾರು ೨ ಲಕ್ಷದಷ್ಟು ಕುಸಿಯಿತು. ನಗರವನ್ನು ತೊರೆದವರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ನರು. ೨೦೧೩ರ ಹೊತ್ತಿಗೆ ಮುಂದಿನ ವರ್ಷದ ಆಯವ್ಯಯದಲ್ಲಿ ಸುಮಾರು ೧೦೦ ಕೋಟಿ ಡಾಲರ್ ಕೊರತೆಯಾಗಲಿದೆ ಎಂದು ಆಡಳಿತವು ಅಂದಾಜಿಸಿತು. ಶಿಕ್ಷಕರ ಪಿಂಚಣಿ ನಿಧಿಗೆ ಸಲ್ಲಿಸಬೇಕಿದ್ದ ಮೊತ್ತದ ಏರಿಕೆ ಇದಕ್ಕೆ ಒಂದು ಪ್ರಮುಖ ಕಾರಣವಾಗಿತ್ತು.

ಆಯ್ಕೆಯ ಮಾನದಂಡ

ನಗರದ ಶಾಲೆಗಳಲ್ಲಿ ಸುಮಾರು ೫.೧೧ ಲಕ್ಷ ಮಕ್ಕಳಿಗೆ ಸ್ಥಳವಿದ್ದು, ಸುಮಾರು ೪.೦೩ ಲಕ್ಷ ಮಕ್ಕಳು ಮಾತ್ರ ಓದುತ್ತಿದ್ದಾರೆ ಎಂದು ಆಡಳಿತವು ತಿಳಿಸಿತು. ತರಗತಿಯೊಂದಕ್ಕೆ ೩೦ ಮಕ್ಕಳೆಂಬ ಲೆಕ್ಕದಲ್ಲಿ ಪ್ರತಿ ಕಟ್ಟಡದ ಸಾಮರ್ಥ್ಯವನ್ನು ನಿರ್ಧರಿಸಲಾಯಿತು. ಈ ಸೂತ್ರವನ್ನು ಪೋಷಕರು ಮತ್ತು ಶಿಕ್ಷಕರು ಪ್ರಶ್ನಿಸಿದರು. ವಿಶೇಷ ಅಗತ್ಯದ ಮಕ್ಕಳ ತರಗತಿಗಳು ಚಿಕ್ಕದಾಗಿಯೇ ಇರಬೇಕಾದ್ದರಿಂದ, ಅಂಥ ಮಕ್ಕಳು ಹೆಚ್ಚಿರುವ ಶಾಲೆಯು ಪೂರ್ಣವಾಗಿ ಬಳಕೆಯಲ್ಲಿದ್ದರೂ ಲೆಕ್ಕದಲ್ಲಿ ಖಾಲಿಯಾಗಿ ಕಾಣುತ್ತದೆ ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು.

ನಿರ್ಧಾರ ಮತ್ತು ವಿರೋಧ

ಆಗ ರಾಮ್ ಇಮ್ಯಾನುಯೆಲ್ ನಗರದ ಮೇಯರ್ ಆಗಿದ್ದು, ಬಾರ್ಬರಾ ಬರ್ಡ್-ಬೆನೆಟ್ ಶಾಲಾಡಳಿತದ ಮುಖ್ಯಸ್ಥೆಯಾಗಿದ್ದರು. ೨೦೧೩ರ ಫೆಬ್ರವರಿಯಲ್ಲಿ ೧೨೯ ಶಾಲೆಗಳು ಪರಿಶೀಲನೆಯಲ್ಲಿದ್ದವು. ಮಾರ್ಚ್ ತಿಂಗಳಲ್ಲಿ ೫೪ರ ಪಟ್ಟಿ ಪ್ರಕಟವಾಯಿತು. ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಪೋಷಕರು ದೊಡ್ಡ ಸಂಖ್ಯೆಯಲ್ಲಿ ವಿರೋಧ ವ್ಯಕ್ತಪಡಿಸಿದರು. ಕ್ಯಾರೆನ್ ಲೂಯಿಸ್ ನೇತೃತ್ವದ ಶಿಕಾಗೊ ಶಿಕ್ಷಕರ ಸಂಘವು ಮೆರವಣಿಗೆಗಳನ್ನು ನಡೆಸಿತು. ಹೊಸ ಶಾಲೆಗೆ ಹೋಗುವ ದಾರಿಯಲ್ಲಿ ಮಕ್ಕಳು ಪರಸ್ಪರ ವೈರವುಳ್ಳ ಪುಂಡರ ಗುಂಪುಗಳ ಗಡಿಗಳನ್ನು ದಾಟಬೇಕಾಗುತ್ತದೆ ಎಂಬ ಭಯ ಹಲವು ಬಡಾವಣೆಗಳಲ್ಲಿತ್ತು. ಮೇ ೨೨ರಂದು ಮಂಡಳಿಯು ನಾಲ್ಕು ಶಾಲೆಗಳನ್ನು ಪಟ್ಟಿಯಿಂದ ಕೈಬಿಟ್ಟು, ಉಳಿದ ೫೦ರ ಮುಚ್ಚುಗಡೆಗೆ ಒಪ್ಪಿಗೆ ನೀಡಿತು. ಮಕ್ಕಳ ಸುರಕ್ಷತೆಗಾಗಿ ದಾರಿಗಳಲ್ಲಿ ಕಾವಲಿರುವ 'ಸೇಫ್ ಪ್ಯಾಸೇಜ್' ವ್ಯವಸ್ಥೆಯನ್ನು ವಿಸ್ತರಿಸಲಾಯಿತು.

ಮುಚ್ಚಿದ ಶಾಲೆಗಳ ಮಕ್ಕಳಲ್ಲಿ ಸುಮಾರು ಶೇಕಡಾ ೮೮ರಷ್ಟು ಆಫ್ರಿಕನ್ ಅಮೆರಿಕನ್ನರಾಗಿದ್ದರು. ನಗರದ ಒಟ್ಟು ವಿದ್ಯಾರ್ಥಿಗಳಲ್ಲಿ ಅವರ ಪಾಲು ಶೇಕಡಾ ೪೦ರ ಆಸುಪಾಸಿನಲ್ಲಿತ್ತು. ಈ ವ್ಯತ್ಯಾಸವು ವಿವಾದದ ಕೇಂದ್ರವಾಯಿತು.

ಉಳಿತಾಯದ ಲೆಕ್ಕ

ಹತ್ತು ವರ್ಷಗಳಲ್ಲಿ ಕಟ್ಟಡಗಳ ಮೇಲಿನ ಬಂಡವಾಳ ವೆಚ್ಚದಲ್ಲಿ ೫೬ ಕೋಟಿ ಡಾಲರ್, ನಿರ್ವಹಣೆಯಲ್ಲಿ ವರ್ಷಕ್ಕೆ ಸುಮಾರು ೪.೩ ಕೋಟಿ ಡಾಲರ್ ಉಳಿಯುತ್ತದೆ ಎಂದು ಆಡಳಿತವು ಮೊದಲು ಹೇಳಿತ್ತು. ಮತದಾನಕ್ಕೆ ಮುಂಚೆಯೇ ಬಂಡವಾಳ ವೆಚ್ಚದ ಉಳಿತಾಯವನ್ನು ಸುಮಾರು ೪೩.೮ ಕೋಟಿ ಡಾಲರ್‌ಗೆ ಇಳಿಸಲಾಯಿತು. ೧೦೦ ಕೋಟಿ ಡಾಲರ್ ಕೊರತೆಯ ಎದುರು ನಿರ್ವಹಣಾ ಉಳಿತಾಯವು ಶೇಕಡಾ ೫ಕ್ಕಿಂತ ಕಡಿಮೆಯಾಗಿತ್ತು. ಮಕ್ಕಳನ್ನು ಸೇರಿಸಿಕೊಳ್ಳುವ ಶಾಲೆಗಳ ದುರಸ್ತಿ, ಹವಾನಿಯಂತ್ರಣ, ಗ್ರಂಥಾಲಯ, ಸಾಮಗ್ರಿಗಳ ಸಾಗಣೆ ಮುಂತಾದವುಗಳಿಗೆ ಹೊಸದಾಗಿ ವೆಚ್ಚ ಮಾಡಬೇಕಾಯಿತು. ಶಾಲೆಯ ವೆಚ್ಚದಲ್ಲಿ ದೊಡ್ಡ ಪಾಲು ಶಿಕ್ಷಕರ ವೇತನವಾಗಿದ್ದು, ಮಕ್ಕಳೊಂದಿಗೆ ಶಿಕ್ಷಕರೂ ಬೇರೆ ಶಾಲೆಗೆ ಹೋದರೆ ಆ ವೆಚ್ಚ ಉಳಿಯುವುದಿಲ್ಲ. ಕಟ್ಟಡ ಮುಚ್ಚುವುದರಿಂದ ದೊರೆಯುವ ಉಳಿತಾಯ ಸೀಮಿತವಾಗಿರಲು ಇದೇ ಕಾರಣ.

ಪರಿಣಾಮಗಳು

ಶಿಕಾಗೊ ವಿಶ್ವವಿದ್ಯಾಲಯದ ಶಾಲಾ ಸಂಶೋಧನಾ ಕೇಂದ್ರವು ೨೦೧೫ ಮತ್ತು ೨೦೧೮ರಲ್ಲಿ ಅಧ್ಯಯನ ವರದಿಗಳನ್ನು ಪ್ರಕಟಿಸಿತು. ಸ್ಥಳಾಂತರಗೊಂಡ ಮಕ್ಕಳಲ್ಲಿ ಬಹುಪಾಲು ತಮ್ಮ ಹಿಂದಿನ ಶಾಲೆಗಿಂತ ಹೆಚ್ಚಿನ ಶ್ರೇಣಿಯ ಶಾಲೆಗಳಿಗೆ ಸೇರಿದ್ದರು. ಆದರೂ ಅವರ ಕಲಿಕೆ ನಿರೀಕ್ಷೆಯಂತೆ ಸುಧಾರಿಸಲಿಲ್ಲ. ಮುಚ್ಚುವ ಸುದ್ದಿ ಬಂದ ವರ್ಷವೇ ಓದು ಮತ್ತು ಗಣಿತದ ಅಂಕಗಳು ಕುಸಿದವು; ಗಣಿತದಲ್ಲಿ ಹಿನ್ನಡೆ ಹಲವು ವರ್ಷ ಮುಂದುವರಿಯಿತು. ಗೈರುಹಾಜರಿಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಸ್ಥಳಾಂತರಕ್ಕೆ ಸಾಕಷ್ಟು ಸಿದ್ಧತೆ ನಡೆಯಲಿಲ್ಲ, ಹಳೆಯ ಶಾಲೆಯನ್ನು ಕಳೆದುಕೊಂಡ ದುಃಖವನ್ನು ಯಾರೂ ಗಮನಿಸಲಿಲ್ಲ ಎಂದು ಶಿಕ್ಷಕರು ಮತ್ತು ಮಕ್ಕಳು ಸಂಶೋಧಕರಿಗೆ ತಿಳಿಸಿದರು.

ಸಮಾಜಶಾಸ್ತ್ರಜ್ಞೆ ಈವ್ ಎಲ್. ಯೂಯಿಂಗ್ ಅವರ 'ಘೋಸ್ಟ್ಸ್ ಇನ್ ದ ಸ್ಕೂಲ್‌ಯಾರ್ಡ್' (೨೦೧೮) ಕೃತಿಯು ನಗರದ ದಕ್ಷಿಣ ಭಾಗದ ಸಮುದಾಯಗಳಿಗೆ ಶಾಲೆಯ ಮುಚ್ಚುಗಡೆ ಏನಾಗಿತ್ತು ಎಂಬುದನ್ನು ಪರಿಶೀಲಿಸುತ್ತದೆ. ಮುಚ್ಚಿದ ಕಟ್ಟಡಗಳಲ್ಲಿ ಕೆಲವು ಮಾರಾಟವಾದವು. ಸ್ಟೀವರ್ಟ್ ಶಾಲೆಯ ಕಟ್ಟಡ ವಸತಿ ಸಮುಚ್ಚಯವಾಯಿತು. ದಶಕ ಕಳೆದರೂ ಹಲವು ಕಟ್ಟಡಗಳು ಖಾಲಿಯಾಗಿಯೇ ಉಳಿದವು.

ನಂತರದ ಬೆಳವಣಿಗೆಗಳು

ಮುಂದಿನ ಐದು ವರ್ಷ ಇಂತಹ ಮುಚ್ಚುಗಡೆ ನಡೆಸುವುದಿಲ್ಲವೆಂದು ಆಡಳಿತವು ಭರವಸೆ ನೀಡಿತ್ತು. ಮೇಯರ್ ನೇಮಿಸುವ ಮಂಡಳಿಯ ಬದಲು ಚುನಾಯಿತ ಮಂಡಳಿ ಬೇಕೆಂಬ ಬೇಡಿಕೆಗೆ ೨೦೧೩ರ ಅನುಭವವು ಬಲ ನೀಡಿತು. ೨೦೨೧ರಲ್ಲಿ ರಾಜ್ಯವು ಇದಕ್ಕೆ ಕಾನೂನು ರೂಪಿಸಿತು. ೨೦೨೪ರ ನವೆಂಬರ್‌ನಲ್ಲಿ ಮೊದಲ ಚುನಾವಣೆ ನಡೆಯಿತು. ಮಕ್ಕಳ ಸಂಖ್ಯೆ ೨೦೧೩ಕ್ಕಿಂತಲೂ ಕಡಿಮೆಯಾಗಿದ್ದು, ಆಯವ್ಯಯದ ಕೊರತೆಯೂ ನೀಗಿಲ್ಲವಾದ್ದರಿಂದ ಚಿಕ್ಕ ಶಾಲೆಗಳ ಭವಿಷ್ಯದ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ.