ನಮ್ಮ ನೆಲ ಹಾಸಿದ್ದು ಯಾರು? ಸಗಣಿಯಿಂದ ಕ್ಲಿಕ್ ಟೈಲ್‌ವರೆಗೆ

ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಇಯರ್‌ಫೋನ್ ಹಾಗೇ ಇರ್ಲಿ, ಕಣ್ಣು ಮಾತ್ರ ಮೊಬೈಲ್‌ನಿಂದ ತೆಗೆದು ಕಾಲ ಕೆಳಗೆ ನೋಡ್ರಿ. ಏನಿದೆ? ಬಹಳ ಮಂದಿಗೆ ವಿಟ್ರಿಫೈಡ್ ಟೈಲ್ಸ್ ಇರ್ತದೆ. ಹಳೇ ಮನೆಯಾದ್ರೆ ಫರಸಿ ಕಲ್ಲು. ಊರಿನ ಅಜ್ಜಿ ಮನೆಯಾದ್ರೆ ಇನ್ನೂ ಒಂದೆರಡು ಕೋಣೆಯಲ್ಲಿ ಮಣ್ಣಿನ ನೆಲ ಉಳಿದಿರಬಹುದು. ಈಗ ಪ್ರಶ್ನೆ: ಆ ನೆಲ ಹಾಸಿದವರು ಯಾರು?

ನನಗೆ ಈ ಪ್ರಶ್ನೆ ಬಂದಿದ್ದು ಅಜ್ಜಿಯಿಂದ. ರಾಣೆಬೆನ್ನೂರಿನಲ್ಲಿ ರೆಕಾರ್ಡಿಂಗ್‌ಗೆ ಅಂತ ಒಂದು ರೂಮು ಬಾಡಿಗೆಗೆ ಹಿಡಿದಿದ್ದೀನಿ. ಮೇಲೆ ತಗಡು, ಕೆಳಗೆ ಒಡೆದ ಟೈಲ್ಸ್. ಮಾತಾಡಿದ್ರೆ ಬಾವಿಯಲ್ಲಿ ಕೂತು ಮಾತಾಡಿದಂಗೆ ಕೇಳೋದು. ಮನೆ ಮಾಲೀಕರನ್ನ ಕೇಳಿದೆ, "ನೆಲ ಕಿತ್ತೋ ಹಂಗಿಲ್ಲ, ಮತ್ತೇನಾದ್ರೂ ಮಾಡ್ಕೋರಿ" ಅಂದ್ರು. ಆಗ ಸಿಕ್ಕಿದ್ದು ಕ್ಲಿಕ್ ಟೈಲ್. ಸಿಮೆಂಟ್ ಇಲ್ಲ, ಗೋಂದು ಇಲ್ಲ. ಒಂದು ಹಲಗೆಯ ಅಂಚಿಗೆ ಇನ್ನೊಂದರ ಅಂಚು ಸಿಕ್ಕಿಸಿ ಒತ್ತಿದ್ರೆ ಕೂತ್ಕೊಳ್ಳುತ್ತೆ. ಕೆಳಗಿನ ನೆಲಕ್ಕೆ ಎಲ್ಲೂ ಅಂಟೋದಿಲ್ಲ, ಅದರ ಮೇಲೆ ಸುಮ್ನೆ ಮಲಗಿರುತ್ತೆ. ಅದಕ್ಕೇ ಇದಕ್ಕೆ ತೇಲುವ ನೆಲ ಅಂತಾರೆ. ಎರಡು ದಿನದಲ್ಲಿ ನಾನೇ ಹಾಕಿದೆ.

ಬ್ಯಾಡಗಿ ಕಡೆಯ ಹಳ್ಳಿಯಿಂದ ಅಜ್ಜಿ ಬಂದಾಗ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಕೇಳಿದ್ರು, "ಯಾರ್ ಹಾಸ್ಯಾರೋ ತಮ್ಮಾ ಇದನ್ನ?" ನಾನೇ ಅಂದೆ, ಸ್ವಲ್ಪ ಜಂಬದಿಂದ. ಅಜ್ಜಿ, "ಅದರಾಗೇನೈತಿ, ನಮ್ಮ ನೆಲಾನೂ ನಾವ ಹಾಕ್ಕೊಂತಿದ್ವಿ" ಅಂದುಬಿಟ್ರು.

ನಾವು ಹೊಸದು ಅಂದ್ಕೊಂಡಿರೋ "ಮಾಡಿಕೊಳ್ಳಿ ನೀವೇ" ಅನ್ನೋದು ನಮ್ಮ ಕಡೆ ಹಳೇ ಪದ್ಧತಿ. ನೆಲಕ್ಕೆ ಹೊರಗಿನಿಂದ ಗೌಂಡಿ ಕರೆಸೋದೇ ಆಮೇಲೆ ಬಂದದ್ದು.

ಹಾವೇರಿ ಸುತ್ತಲಿನ ಹಳೇ ಮನೆ ನೆನಪು ಮಾಡ್ಕೊಳ್ರಿ. ಬಾಗಿಲು ದಾಟಿದ ಕೂಡ್ಲೇ ಕೆಳಗೆ ದನ ಕಟ್ಟೋ ಜಾಗ, ಒಂದು ಕಟ್ಟೆ ಎತ್ತರದಲ್ಲಿ ಪಡಸಾಲೆ, ಒಳಗೆ ಅಡಿಗೆ ಮನೆ. ಪಡಸಾಲೆಯ ನೆಲಕ್ಕೆ ಮಣ್ಣು ತಂದು, ಹರಳು ಆರಿಸಿ, ನೀರು ಚಿಮುಕಿಸಿ, ದಮ್ಮಸು ಹಾಕಿ ಬಡಿಯೋರು. ಮೇಲೆ ಸಗಣಿ, ನಮ್ಮ ಕಡೆ ಹೆಂಡಿ ಅಂತಾರೆ, ಅದನ್ನ ನೀರಲ್ಲಿ ಕದಡಿ ಕೈಯಿಂದ ಸಾರಿಸೋರು. ದನ ತಿಂದ ಹುಲ್ಲಿನ ನಾರು ಸಗಣಿಯಲ್ಲಿರುತ್ತಲ್ಲ, ಅದು ಮಣ್ಣಿನ ಕಣಗಳನ್ನ ಹಿಡಿದಿಡುತ್ತೆ, ಧೂಳು ಏಳೋದಿಲ್ಲ. ಬಿರುಕು ಬಿಟ್ರೆ ಮುಂದಿನ ಸಲ ಸಾರಿಸುವಾಗ ಮುಚ್ಚಿಹೋಗುತ್ತೆ. ಅಂದ್ರೆ ಆ ನೆಲ ಒಮ್ಮೆ ಮಾಡಿ ಮುಗಿಸೋ ವಸ್ತು ಆಗಿರಲಿಲ್ಲ, ಮತ್ತೆ ಮತ್ತೆ ಮಾಡ್ತಾನೇ ಇರಬೇಕು.

ಮಾಡ್ತಿದ್ದವರು ಯಾರು ಅನ್ನೋದನ್ನ ಮರೆಯೋದು ಬೇಡ. ಮನೆಯ ಹೆಣ್ಣುಮಕ್ಕಳು. ಬಗ್ಗಿ, ಮಂಡಿ ಊರಿ, ಮಂಗಳವಾರ ಶುಕ್ರವಾರ, ಹಬ್ಬದ ಹಿಂದಿನ ದಿನ. ಇನ್‌ಸ್ಟಾಗ್ರಾಂನಲ್ಲಿ ಮಣ್ಣಿನ ನೆಲದ ರೀಲ್ ಹಾಕೋರು ಒಂದು ಪಡಸಾಲೆ ಪೂರ್ತಿ ಸಾರಿಸಿ ನೋಡ್ಲಿ, ಆಮೇಲೆ ಮಾತಾಡೋಣ. ಹಳ್ಳಿ ಮನೆಗೆ ಫರಸಿ ಹಾಕಿಸಿದ ದಿನ ಯಾರಿಗೆ ಖುಷಿ ಆಯ್ತು ಅಂತ ಅಜ್ಜಿಯನ್ನ ಕೇಳಿದೆ. "ನನ್ನ ಮೊಣಕಾಲಿಗೆ" ಅಂದ್ರು.

ಇನ್ನೊಂದು ನೆಲ ಇತ್ತು, ಅದು ಮನೆ ಹೊರಗಿನದು. ಕಣ. ಸುಗ್ಗಿ ಬಂತು ಅಂದ್ರೆ ಹೊಲದ ಒಂದು ಮೂಲೆ ಹದ ಮಾಡಿ, ನೀರು ಹಾಕಿ ತುಳಿಸಿ, ಸಗಣಿ ಬಳಿದು, ನಡುವೆ ಮೇಟಿ ನೆಟ್ಟು ಎತ್ತು ತಿರುಗಿಸೋರು. ಸುಗ್ಗಿ ಮುಗೀತು, ಮಳೆ ಬಿತ್ತು, ಕಣ ಮತ್ತೆ ಹೊಲ ಆಯ್ತು. ಬ್ಯಾಡಗಿ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಕ ಪಡೆದು ದೊಡ್ಡ ಹೆಸರಾಗಿದೆ, ಆದ್ರೆ ಆ ಕಾಯಿ ಒಣಗೋದೂ ಒಂದು ನೆಲದ ಮೇಲೇನೇ. ಮಣ್ಣಿನ ಮೇಲೆ ಹರವಿದ ಕಾಯಿಗೂ ತಾಡಪತ್ರಿ ಮೇಲೆ ಹರವಿದ ಕಾಯಿಗೂ ವ್ಯತ್ಯಾಸ ಮಾರ್ಕೆಟ್‌ನಲ್ಲಿ ಚೀಲ ಬಿಚ್ಚಿದಾಗ ಗೊತ್ತಾಗುತ್ತೆ. ಬೇಕಾದಾಗ ಹಾಸಿ, ಸಾಕಾದಾಗ ಎತ್ತಿಡೋ ನೆಲ ನಮಗೆ ಪರಕೀಯ ಅಲ್ಲ.

ನಮ್ಮ ಪದಗಳೇ ಇದನ್ನ ಹೇಳ್ತವೆ. ಕಲ್ಲು ಹಾಕಿದ ನೆಲಕ್ಕೆ ಕನ್ನಡದಲ್ಲಿ ಹಾಸುಗಲ್ಲು. ಹಾಸಿಗೆ, ಹಾಸು, ಹಾಸುಗಲ್ಲು, ಎಲ್ಲ ಒಂದೇ ಬೇರು. ಫರಸಿ ಅನ್ನೋ ಪದದ ಮೂಲ ಅರಬ್ಬಿಯ ಫರ್ಶ್. ಅದರ ಅರ್ಥವೂ ಹಾಸಿದ್ದು, ಹರಡಿದ್ದು ಅಂತಲೇ.

ಸಿಮೆಂಟ್ ಇಲ್ಲದೆ ಒಂದಕ್ಕೊಂದು ಸಿಕ್ಕಿಸೋದು ಹೇಗೆ ಗಟ್ಟಿಯಾಗಿ ನಿಲ್ಲುತ್ತೆ ಅಂತ ಕೆಲವರು ಕೇಳ್ತಾರೆ. ಹಾವೇರಿಯ ಸಿದ್ಧೇಶ್ವರ ಗುಡಿಗೆ ಹೋಗಿ ಬರ್ರಿ, ಇಲ್ಲಾ ರಾಣೆಬೆನ್ನೂರು ತಾಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆ ದಂಡೆಯ ಮುಕ್ತೇಶ್ವರ ಗುಡಿಗೆ. ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ ಪದ್ಧತಿ ಅದು. ಬಳಪದ ಕಲ್ಲನ್ನ ನಯವಾಗಿ ಕಡೆದು, ಗಾರೆ ಹಾಕದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದಾರೆ. ಅಲ್ಲಿ ಹಿಡಿದಿಟ್ಟಿರೋದು ಕಲ್ಲಿನ ಭಾರ, ಕ್ಲಿಕ್ ಟೈಲ್‌ನಲ್ಲಿ ಅಂಚಿನ ಗಾಡಿ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದ್ರೆ ಅಂಟು ಇಲ್ಲದಿದ್ರೆ ಗಟ್ಟಿ ಇಲ್ಲ ಅನ್ನೋ ನಂಬಿಕೆ ಸಿಮೆಂಟ್ ಬಂದ ಮೇಲಿನದು.

ಹಾಗಾದ್ರೆ ಗೌಂಡಿ ಯಾವಾಗ ಬಂದ? ಶ್ರೀಮಂತರ ವಾಡೆಗಳಲ್ಲಿ ಸುಣ್ಣದ ಗಚ್ಚು ಮೊದಲೇ ಇತ್ತು. ಸಾಮಾನ್ಯರ ಮನೆಗೆ ಬಂದದ್ದು ಕಲ್ಲು, ಮತ್ತು ಕಲ್ಲು ದೂರ ಹೋಗೋಕೆ ರೈಲು ಬೇಕಿತ್ತು. ಶಹಾಬಾದ್ ಕಲ್ಲು ಕಲಬುರಗಿ ಕಡೆಯ ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತೆ. ಅದು ಆಗ ನಿಜಾಮರ ಸೀಮೆ. ಮುಂಬೈ ಕಡೆಯ ರೈಲು ಅಲ್ಲಿ ಹಾದು 1871ರಲ್ಲಿ ರಾಯಚೂರು ಮುಟ್ಟಿತು. ನಮ್ಮ ಹುಬ್ಬಳ್ಳಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹರಿಹರದ ಸಾಲನ್ನ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ, 1880ರ ದಶಕದಲ್ಲಿ. ಆ ಕಡೆ ಬ್ರಾಡ್ ಗೇಜ್, ಈ ಕಡೆ ಮೀಟರ್ ಗೇಜ್, ನಡುವೆ ಸರಕು ಇಳಿಸಿ ಏರಿಸಬೇಕು. ಅಷ್ಟು ಭಾರ, ಅಷ್ಟು ದೂರ, ಎತ್ತಿನ ಗಾಡಿಯ ಲೆಕ್ಕಕ್ಕೆ ಹೊಂದೋದಿಲ್ಲ. ಬಿಕಾಂ ಓದಿದ ನನಗೆ ಸಾಗಣೆ ವೆಚ್ಚ ಕಂಡಲ್ಲಿ ಕಣ್ಣು ನಿಲ್ಲುತ್ತೆ, ಕ್ಷಮಿಸ್ರಿ.

ಫರಸಿ ಹಾಸೋಕೆ ಗರಸು ಹಾಕಿ ಮಟ್ಟ ಮಾಡ್ಬೇಕು, ದಾರ ಹಿಡೀಬೇಕು, ಸಂದು ತುಂಬಬೇಕು. ಅಲ್ಲಿಂದ ನೆಲ ಮನೆಯವರ ಕೈ ಬಿಟ್ಟಿತು. ಆಮೇಲೆ ಸಿಮೆಂಟ್ ಮೇಲೆ ಕೆಂಪು ಆಕ್ಸೈಡ್, ಅಚ್ಚಿನ ಸಿಮೆಂಟ್ ಟೈಲ್ಸ್. 1922ರಲ್ಲಿ ಮುಂಬೈಯ ಭಾರತ್ ಫ್ಲೋರಿಂಗ್ಸ್ ಶುರುವಾದದ್ದೇ ವಿದೇಶಿ ಟೈಲ್ಸ್‌ಗೆ ಸ್ವದೇಶಿ ಉತ್ತರ ಅಂತ. ಮುಂದೆ ಮೊಸಾಯಿಕ್, ಗ್ರಾನೈಟ್, ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ವಿಟ್ರಿಫೈಡ್. ಇವೆಲ್ಲಾ ಒಳ್ಳೇವೇ. ತೊಳೀಬಹುದು, ಬಾಳಿಕೆ ಇದೆ. ತೊಂದರೆ ಒಂದೇ: ತಪ್ಪಾದ್ರೆ ಒಡೆದು ತೆಗೀಬೇಕು. ನಮ್ಮ ಎರೆ ಮಣ್ಣು ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಬಿರಿಯೋ ಜಾತಿ, ಪಾಯ ಸರಿಯಿಲ್ಲದಿದ್ರೆ ಬಿಗಿಯಾಗಿ ಅಂಟಿಸಿದ ನೆಲ ಸೀಳುತ್ತೆ. ಬಾಡಿಗೆ ಮನೆಯವರಿಗಂತೂ ನೆಲದ ಮೇಲೆ ಹಕ್ಕೇ ಇಲ್ಲ. ಗೋಡೆಗೆ ಮೊಳೆ ಹೊಡೆಯೋಕೇ ಕೇಳ್ಬೇಕು, ನೆಲದ ಮಾತು ದೂರ.

ಈಗ ಸ್ವೀಡನ್‌ಗೆ ಹೋಗೋಣ. ಅಲ್ಲಿನ ಪೆರ್‌ಸ್ಟಾರ್ಪ್ ಕಂಪನಿ 1970ರ ದಶಕದ ಕೊನೆಗೆ ಲ್ಯಾಮಿನೇಟ್ ನೆಲ ತಂತು. ಅಡುಗೆ ಮನೆ ಕಟ್ಟೆಗೆ ಅಂಟಿಸೋ ಹಾಳೆಯ ತಂತ್ರವನ್ನೇ ನೆಲಕ್ಕೆ ಇಳಿಸಿದ್ರು, ಪೆರ್ಗೋ ಅಂತ ಹೆಸರಾಯ್ತು. ಆದ್ರೆ ಹಲಗೆಗಳ ಸಂದಿಗೆ ಗೋಂದು ಬೇಕಿತ್ತು. 1996ರಲ್ಲಿ ಸ್ವೀಡನ್ನಿನದ್ದೇ ವೆಲಿಂಗೆ ಗೋಂದಿಲ್ಲದ ಬೀಗ ತಂತು, 1997ರಲ್ಲಿ ಬೆಲ್ಜಿಯಂನ ಯೂನಿಲಿನ್ ಯೂನಿಕ್ಲಿಕ್ ತಂತು. 1997 ನೆನಪಿದೆಯಲ್ಲ, ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆದ ವರ್ಷ.

ಇಲ್ಲಿ ದುಡ್ಡು ಇರೋದು ಹಲಗೆಯಲ್ಲಿ ಅಲ್ಲ, ಅಂಚಿನಲ್ಲಿ. ಆ ನಾಲ್ಕು ಮಿಲಿಮೀಟರ್ ಗಾಡಿಯ ಆಕಾರಕ್ಕೆ ಪೇಟೆಂಟ್. ಬೇರೆ ಕಾರ್ಖಾನೆಗಳು ಚದರ ಮೀಟರ್ ಲೆಕ್ಕದಲ್ಲಿ ರಾಯಲ್ಟಿ ಕೊಟ್ಟು ಬಾಕ್ಸ್ ಮೇಲೆ ಲೈಸೆನ್ಸ್ ಚೀಟಿ ಅಂಟಿಸ್ಬೇಕು. ಕೊಡದೆ ಮಾಡಿದವರ ಮೇಲೆ ಅಮೆರಿಕದಲ್ಲಿ ಕೇಸು ನಡೆದು 2007ರಲ್ಲಿ ಅಂಥ ಮಾಲಿಗೆ ಆಮದು ನಿಷೇಧವೂ ಆಯ್ತು. ಪೇಟೆಂಟ್ ಆಯುಷ್ಯ 20 ವರ್ಷ, ಹಾಗಾಗಿ ಮೊದಲ ಕಾಲದ ಬೀಗಗಳು ಈಗ ಎಲ್ಲರ ಸ್ವತ್ತು.

ಯುರೋಪಿನ ಲ್ಯಾಮಿನೇಟ್ ಒಳಗೆ ಮರದ ಪುಡಿಯ ಹಲಗೆ. ಅದು ನಮಗೆ ಆಗಿಬರೋದಿಲ್ಲ. ನಾವು ನೆಲ ಒರೆಸೋ ಮಂದಿ ಅಲ್ಲ, ಕೊಡಪಾನ ಸುರಿದು ತೊಳೆಯೋ ಮಂದಿ. ನೀರು ಕುಡಿದ್ರೆ ಅಂಚು ಉಬ್ಬುತ್ತೆ. ಈಗ ಬರ್ತಿರೋ ಎಸ್‌ಪಿಸಿ ಬೇರೆ: ಸುಣ್ಣದ ಕಲ್ಲಿನ ಪುಡಿ ಮತ್ತು ಪಿವಿಸಿ ಕಲಸಿ ಒತ್ತಿದ್ದು. ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ, ಸಂಬಂಧ ಬಿಟ್ಟುಹೋಗಿಲ್ಲ ನೋಡ್ರಿ. ಪ್ಲಾಸ್ಟಿಕ್ ತಟ್ಟೆಯ ಮೇಲೆ ನಿಜವಾದ ಪಿಂಗಾಣಿ ಟೈಲ್ ಕೂರಿಸಿ ಕೊಂಡಿ ಹಾಕೋ ಬಗೆಯೂ ಇದೆ.

ಹಾಕೋದು ಹೇಗೆ ಅಂತ ಕೇಳಿದವರಿಗೆ, ನನ್ನ ರೂಮಿನ ಲೆಕ್ಕ ಹೇಳ್ತೀನಿ. 10 ಅಡಿಗೆ 12 ಅಡಿ, 120 ಚದರಡಿ. ಕತ್ತರಿಸೋದರಲ್ಲಿ ಹಾಳಾಗೋದಕ್ಕೆ ನೂರಕ್ಕೆ 10 ಸೇರಿಸಿ 132. ಹಳೇ ನೆಲ ಮಟ್ಟ ಇರ್ಬೇಕು, 2 ಮೀಟರ್ ಉದ್ದದ ಪಟ್ಟಿ ಇಟ್ರೆ ಕೆಳಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಕಾಣಬಾರದು. ಅಲ್ಲಾಡೋ ಟೈಲ್ಸ್ ಮೊದಲು ಗಟ್ಟಿ ಮಾಡಿಕೊಂಡೆ. ಬಾಕ್ಸ್‌ಗಳನ್ನ ಎರಡು ದಿನ ಅದೇ ರೂಮಿನಲ್ಲಿಟ್ಟೆ. ಮೂಲೆಯಿಂದ ಶುರು, ಹಲಗೆಯನ್ನ ಓರೆ ಹಿಡಿದು ಗಾಡಿಗೆ ಸಿಕ್ಕಿಸಿ ಕೆಳಗೆ ಒತ್ತಬೇಕು. ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ಎದುರಾಗಬಾರದು, ಇಟ್ಟಿಗೆ ಗೋಡೆ ಕಟ್ಟಿದಂಗೆ ತಪ್ಪಿಸಬೇಕು. ಎಸ್‌ಪಿಸಿ ಕತ್ತರಿಸೋಕೆ ಮಶೀನ್ ಬೇಡ, ಕಟರ್‌ನಿಂದ ಗೀರಿ ಮುರಿದ್ರೆ ಸಾಕು.

ನಾನು ಮಾಡಿದ ತಪ್ಪು ಕೇಳ್ರಿ. ಗೋಡೆ ಸುತ್ತ ಕಂಪನಿ ಹೇಳಿದಷ್ಟು ಸಂದು ಬಿಡಬೇಕು, ಸುಮಾರು 6ರಿಂದ 10 ಮಿಲಿಮೀಟರ್. ಬಿಸಿಲಿಗೆ ನೆಲ ಹಿಗ್ಗೋದು ಆ ಸಂದಿಗೇ. ಬಾಗಿಲ ಕಡೆ ಚಂದ ಕಾಣ್ಲಿ ಅಂತ ಗೋಡೆಗೆ ತಾಗಿಸಿಬಿಟ್ಟೆ. ಏಪ್ರಿಲ್ ಬಂತು, ತಗಡು ಕಾಯ್ತು, ನೆಲ ಬಾಗಿಲ ಹತ್ರ ಹಪ್ಪಳದಂಗೆ ಎದ್ದು ನಿಂತ್ತು. ಗೌಂಡಿ ಕೆಲಸ ಆಗಿದ್ರೆ ಸುತ್ತಿಗೆ ಬೇಕಾಗ್ತಿತ್ತು. ಇಲ್ಲಿ ಅಂಚಿನ ಪಟ್ಟಿ ತೆಗೆದು, ನಾಲ್ಕು ಹಲಗೆ ಬಿಚ್ಚಿ, ಬೆರಳಷ್ಟು ಕೊಯ್ದು ಮತ್ತೆ ಹಾಕಿದೆ. ಅರ್ಧ ತಾಸು. ಹಾಗೇ, ಈ ನೆಲದ ಮೇಲಿಂದ ಕೆಳಕ್ಕೆ ಮೊಳೆ ಹೊಡೆದು ಏನನ್ನೂ ಬಿಗಿಯಬೇಡ್ರಿ, ಭಾರದ ತಿಜೋರಿ ಇಡೋದಾದ್ರೆ ಮೊದಲು ಕಂಪನಿ ಸೂಚನೆ ಓದ್ರಿ. ಒಂದು ಕಡೆ ಹಿಡಿದಿಟ್ರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತೆ.

ಇದರ ಇನ್ನೊಂದು ಮುಖವೂ ಹೇಳ್ಬೇಕು. ಅಜ್ಜಿಯ ನೆಲ ಮಣ್ಣಾಗಿತ್ತು, ಮಣ್ಣಿಗೇ ಹೋಯ್ತು. ಇದರಲ್ಲಿ ಪ್ಲಾಸ್ಟಿಕ್ ಇದೆ, ಎಸೆದ್ರೆ ಎಲ್ಲಿಗೂ ಹೋಗೋದಿಲ್ಲ. ಅಜ್ಜಿಯ ನೆಲಕ್ಕೆ ಸಾಮಾನು ದನದ ಕೊಟ್ಟಿಗೆಯಲ್ಲೇ ಸಿಗ್ತಿತ್ತು, ನನ್ನದಕ್ಕೆ ನಗದು ಎಣಿಸಬೇಕಾಯ್ತು. ಹಲಗೆಯ ಅಂಚು ಮುರಿದ್ರೆ ಸಗಣಿ ಬಳಿದಂಗೆ ಮುಚ್ಚೋಕೂ ಬರೋದಿಲ್ಲ, ಅದೇ ಮಾದರಿಯ ಹಲಗೆಯೇ ಬೇಕು. ಉಳಿದ ಹಲಗೆಗಳನ್ನ ಅದಕ್ಕೇ ಮಂಚದ ಕೆಳಗೆ ಇಟ್ಟಿದ್ದೀನಿ.

ರೂಮಿನ ಕರಾರು ಬರೋ ವರ್ಷ ಮುಗಿಯುತ್ತೆ. ಬಾಡಿಗೆ ಏರಿಸಿದ್ರೆ ಖಾಲಿ ಮಾಡೋದೇ. ಕೊನೇ ಸಾಲಿನಿಂದ ಬಿಚ್ಚುತ್ತಾ ಬಂದು, ಹಿಂದೆ ಮಾರ್ಕರ್‌ನಲ್ಲಿ ನಂಬರ್ ಬರೆದು, ಬಾಕ್ಸ್‌ಗೆ ತುಂಬಿ ಟಂಟಂ ಆಟೋದಲ್ಲಿ ಹೇರಿದ್ರೆ ಆಯ್ತು. ಅಜ್ಜಿಗೆ ಇದನ್ನ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ, "ಹಂಗಾರ ಒಂದೆರಡು ಸಾಲು ನನ್ನ ದೇವರ ಕ್ವಾಣಿಗೂ ತಗೊಂಬಾ" ಅಂದ್ರು. ಅಳತೆ ತಗೊಳ್ಳೋಕೆ ಈ ಭಾನುವಾರ ಹೋಗ್ತಿದ್ದೀನಿ. ಬರ್ತೀನ್ರಿ.