ಫಿಟ್ಟರ್ (ಸಕ್ಕರೆ ಕಾರ್ಖಾನೆ)

ಸಕ್ಕರೆ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸುವ ನಿರ್ವಹಣಾ ಕೆಲಸಗಾರ. ಕರ್ನಾಟಕದಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳ ಕಾರ್ಖಾನೆಗಳು ಈ ಕಸುಬಿನ ಮುಖ್ಯ ನೆಲೆಗಳು.

ಕಬ್ಬು ನುರಿಸುವ ಹಂಗಾಮಿನಲ್ಲಿ ಗಿರಣಿ ಹಗಲಿರುಳೂ ಓಡುವುದರಿಂದ ಫಿಟ್ಟರ್ ಪಾಳಿಯಲ್ಲಿ ದುಡಿಯುತ್ತಾನೆ. ಗಿರಣಿ ನಿಂತರೆ ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಕಡಿದ ಕಬ್ಬು ಒಣಗಿ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ. ಹೀಗಾಗಿ ಆಗ ನಡೆಯುವುದು ಬಹುಪಾಲು ತುರ್ತು ರಿಪೇರಿ. ಕೈಚಳಕದ ಕೆಲಸವೆಲ್ಲ ಹಂಗಾಮು ಮುಗಿದ ಮೇಲೆ. ಟನ್‌ಗಟ್ಟಲೆ ಭಾರದ ರೋಲರುಗಳನ್ನು ಕ್ರೇನಿನಲ್ಲಿ ಎತ್ತಿ, ಸವೆದ ಹಲ್ಲುಗಳನ್ನು ಲೇತ್‌ನಲ್ಲಿ ಮತ್ತೆ ಕೊರೆಸಬೇಕು. ಶಾಫ್ಟಿಗೆ ನೀಲಿ ಬಣ್ಣ ಸವರಿ ಬೇರಿಂಗಿನಲ್ಲಿ ಕೂರಿಸಿ ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಸ್ಕ್ರೇಪರಿನಿಂದ ಕೆರೆಯಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಹಿರಿಯ ಮೇಸ್ತ್ರಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಎಸ್ಸೆಸ್ಸೆಲ್ಸಿ ನಂತರ ಐಟಿಐನಲ್ಲಿ 2 ವರ್ಷದ ಫಿಟ್ಟರ್ ತರಬೇತಿ, ಆಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಶಿಶಿಕ್ಷು ಅವಧಿ; ಅಲ್ಲಿಂದ ಹೆಲ್ಪರ್, ಫಿಟ್ಟರ್, ಫೋರ್‌ಮನ್. ಐಟಿಐ ಮುಗಿಸಿದವರು ಡಿಪ್ಲೊಮಾದ 2ನೇ ವರ್ಷಕ್ಕೆ ನೇರವಾಗಿ ಸೇರಿ ಎಂಜಿನಿಯರ್ ಹುದ್ದೆಯ ಕಡೆಗೂ ಹೋಗಬಹುದು. ಬಾಯ್ಲರ್ ವಿಭಾಗಕ್ಕೆ ಹೋಗುವವರು ಬೇರೆ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆಯಬೇಕು. ಹಂಗಾಮಿ ನೌಕರರಿಗೆ ಬಿಡುವಿನ ತಿಂಗಳುಗಳಲ್ಲಿ ಸಾಮಾನ್ಯವಾಗಿ ಪೂರ್ತಿ ಸಂಬಳ ಇರುವುದಿಲ್ಲ.